ದಿಂಬು ತೆಗೆಸಿದ ಮೇಲೆ

"ಕರೆಂಟ್ ಯಾವಾಗ ಕೊಡುತ್ತೀರಿ ಡಾಕ್ಟರೇ?" ಮಂಡಿ ಕೀಲು ಬದಲಿಸಿಕೊಂಡು ಹನ್ನೆರಡು ದಿನವಾಗಿದ್ದ ಆ ಅಮ್ಮ ನನ್ನನ್ನು ಕಂಡೊಡನೆ ಕೇಳಿದ್ದು ಇದನ್ನೇ. ಸಾಗರದ ಕಡೆಯ ಹಳ್ಳಿಮನೆ, ಅರವತ್ತು ದಾಟಿದ ಜೀವ. ಫಿಸಿಯೋಥೆರಪಿ ಎಂದರೆ ತಂತಿ ಅಂಟಿಸಿಕೊಂಡು ಮಲಗುವುದು ಎಂದೇ ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. ಕರೆಂಟಿನಿಂದ ನೋವು ಒಂದಿಷ್ಟು ಹೊತ್ತು ತಗ್ಗಬಹುದು. ತೊಡೆಗೆ ಬಲ ಬರಬೇಕಾದರೆ ಅವರೇ ದುಡಿಯಬೇಕು.

ಮೊದಲ ವಾರ ನಾನು ಎಡವಿದೆ. ಮಂಡಿ ಮಡಚಿಸುವುದರ ಹಿಂದೆಯೇ ಬಿದ್ದೆ. ಮನೆಯವರೂ ದಿನಾ "ಇವತ್ತು ಎಷ್ಟು ಡಿಗ್ರಿ?" ಎಂದೇ ಕೇಳುತ್ತಿದ್ದರು. 70 ಇದ್ದದ್ದು 85 ಆಯಿತು, ಎಲ್ಲರಿಗೂ ಖುಷಿ. ಆದರೆ ವಾಕರ್ ಹಿಡಿದು ನಡೆಯುವಾಗ ಮಂಡಿ ಬಗ್ಗಿಯೇ ಇರುತ್ತಿತ್ತು, ತೊಡೆ ನಡುಗುತ್ತಿತ್ತು. ಒಂದು ಬೆಳಗ್ಗೆ ಬೇಗ ಹೋದಾಗ ಕಾರಣ ಕಣ್ಣಿಗೆ ಬಿತ್ತು: ಮಂಡಿಯ ಕೆಳಗೆ ದಪ್ಪ ದಿಂಬು. ಹಿತವೆನಿಸುತ್ತದೆ, ನಿಜ. ರಾತ್ರಿಯಿಡೀ ಹಾಗೆ ಇಟ್ಟರೆ ಕೀಲಿನ ಹಿಂಬದಿ ಬಿಗಿಯುತ್ತಾ ಹೋಗುತ್ತದೆ. ಅಳೆದು ನೋಡಿದೆ, ಕಾಲು ನೆಟ್ಟಗಾಗಲು ಇನ್ನೂ 12 ಡಿಗ್ರಿ ಬಾಕಿ ಇತ್ತು. ಇದನ್ನು ನಾನು ಮೊದಲ ದಿನವೇ ಅಳೆಯಬೇಕಿತ್ತು.

ದಿಂಬು ತೆಗೆಸಿ, ಸುರುಳಿ ಸುತ್ತಿದ ಟವೆಲನ್ನು ಹಿಮ್ಮಡಿಯ ಕೆಳಗೆ ಇಟ್ಟೆ. ಮಂಡಿ ತನ್ನ ಭಾರಕ್ಕೆ ತಾನೇ ಇಳಿಯಬೇಕು; ಮೊದಲಿಗೆ ಐದು ನಿಮಿಷ ಸಾಕು. ಆಮೇಲೆ ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತಿ, ಐದು ಎಣಿಸಿ ಬಿಡುವುದು, ಹತ್ತು ಸಲ. ತೊಡೆ ಅಲುಗಲೇ ಇಲ್ಲ. "ನನ್ನ ಕೈಲಿ ಆಗುವುದಿಲ್ಲ" ಎಂದು ಕಣ್ಣೀರು ಹಾಕಿದರು. ಮಂಡಿಯೊಳಗೆ ಬಾವು ಇದ್ದಾಗ ತೊಡೆಯ ಮುಂಭಾಗದ ಸ್ನಾಯುವಿಗೆ ನರಗಳ ಆಜ್ಞೆ ಪೂರ್ತಿ ತಲುಪುವುದಿಲ್ಲ. ಇದನ್ನು ಸೋಮಾರಿತನವೆಂದು ಗದರಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವರ ಅಂಗೈಯನ್ನೇ ತೊಡೆಯ ಮೇಲೆ ಇರಿಸಿ, "ಇಲ್ಲಿ ಗಟ್ಟಿಯಾಗಬೇಕು ಅಮ್ಮಾ" ಎಂದೆ. ಮೂರನೆಯ ದಿನ ಬೆರಳಿನಡಿ ಸ್ನಾಯು ಬಿಗಿದದ್ದು ನನಗಿಂತ ಮೊದಲು ಅವರಿಗೇ ತಿಳಿಯಿತು. "ಬಂತು ನೋಡಿ!"

ಬೆಳಗಿನ ಕಾಫಿ ಆದ ಮೇಲೆ, ಮಧ್ಯಾಹ್ನ ಕುಕ್ಕರ್ ಇಟ್ಟಾಗ, ಸಂಜೆ ದೀಪ ಹಚ್ಚಿದ ಮೇಲೆ, ಹೀಗೆ ಹೊತ್ತು ಗೊತ್ತು ಮಾಡಿಕೊಂಡೆವು. ಮುಗಿದೊಡನೆ ಬಟ್ಟೆ ಸುತ್ತಿದ ಐಸ್, 15 ನಿಮಿಷ. ಮರುದಿನ ಬಾವು ಹೆಚ್ಚಿದ್ದರೆ ಅಂದಿನ ಲೆಕ್ಕ ಅರ್ಧ. ಮೀನಖಂಡ ಊದಿ ನೋಯತೊಡಗಿದರೆ ವ್ಯಾಯಾಮ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು; ರಕ್ತ ಹೆಪ್ಪುಗಟ್ಟಿರಬಹುದು. ಇದನ್ನು ಗೋಡೆಯ ಕ್ಯಾಲೆಂಡರ್ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೆ.

ಏಳನೆಯ ವಾರ ಜಗಲಿಯ ಮೆಟ್ಟಿಲಿಗೆ ಕರೆದೊಯ್ದೆ. ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ. ಒಂದು ಕೈ ಕಂಬಕ್ಕೆ, ಇನ್ನೊಂದರಲ್ಲಿ ಕೋಲು. ಎರಡು ಮೆಟ್ಟಿಲು ಇಳಿದು ತುಳಸಿಕಟ್ಟೆಯವರೆಗೆ ನಡೆದರು. ಕಾಲು ಹೆಚ್ಚೂಕಡಿಮೆ ನೆಟ್ಟಗಿತ್ತು. ಅಲ್ಲೇ ನಿಂತು ಉಸಿರು ತಿರುಗಿಸಿಕೊಂಡು ಕೇಳಿದರು: "ಈ ಎಡಗಾಲಿಗೂ ಮುಂದಿನ ವರ್ಷ ಆಪರೇಷನ್ ಅಂದಿದ್ದಾರಲ್ಲ, ತೊಡೆಯ ವ್ಯಾಯಾಮ ಈಗಿನಿಂದಲೇ ಶುರು ಮಾಡಲೇ?"

ಇವತ್ತಿನಿಂದಲೇ ಮಾಡಿ ಎಂದೆ.