ಹರಾಜಿಗೆ ಬಂದ ಹಳೆಯ ಪೀಠೋಪಕರಣ, ಗಡಿಯಾರ, ಶಿಲ್ಪ: ಕೂಗುವ ಮುನ್ನ ನೋಡಬೇಕಾದದ್ದು

ಹರಾಜಿನಲ್ಲಿ ಕೊಂಡದ್ದನ್ನು ವಾಪಸು ಕೊಡುವ ಮಾತು ಬಹುತೇಕ ಇಲ್ಲ. ‘ಇದ್ದದ್ದು ಇದ್ದ ಹಾಗೆ’ ಅನ್ನುವ ಷರತ್ತಿನ ಮೇಲೇ ಮಾರಾಟ ನಡೆಯುತ್ತದೆ. ಹಾಗಾಗಿ ನಿಜವಾದ ಕೆಲಸವಿರುವುದು ಕೂಗುವ ದಿನವಲ್ಲ, ಅದಕ್ಕೂ ಮುಂಚೆ ವಸ್ತುಗಳನ್ನು ನೋಡಲು ಬಿಡುವ ದಿನ. ಮುಂಭಾಗವನ್ನು ಪಾಲಿಶ್ ಮಾಡಿ, ದೀಪ ಹಾಕಿ ಇಟ್ಟಿರುತ್ತಾರೆ. ನೀವು ನೋಡಬೇಕಾದದ್ದು ಹಿಂಭಾಗ, ತಳ ಮತ್ತು ಒಳಗು.

ಜೇಬಿನಲ್ಲಿ ಇಷ್ಟಿರಲಿ: ಒಳ್ಳೆಯ ಟಾರ್ಚ್, 10 ಪಟ್ಟು ಹಿಗ್ಗಿಸುವ ಲೂಪ್, ಅಳತೆ ಟೇಪು, ಹಲ್ಲಿನ ಡಾಕ್ಟರು ಬಳಸುವಂಥ ಹಿಡಿಯಿರುವ ಪುಟ್ಟ ಕನ್ನಡಿ, ಚಿಕ್ಕ ಅಯಸ್ಕಾಂತ, ಅತಿನೇರಳೆ ಟಾರ್ಚ್. ಚಾಕು, ಸೂಜಿ, ಆಸಿಡ್ ಬೇಡ. ಪರವಾನಗಿ ಇಲ್ಲದೆ ಗೀರಿದರೆ ಆ ವಸ್ತು ನಿಮ್ಮ ತಲೆಗೇ ಬರುತ್ತದೆ.

ಕ್ಯಾಟಲಾಗಿನ ಭಾಷೆ

ಕ್ಯಾಟಲಾಗಿನಲ್ಲಿ ‘18ನೇ ಶತಮಾನ’ ಎಂದಿದ್ದರೆ ಒಂದರ್ಥ, ‘18ನೇ ಶತಮಾನದ ಶೈಲಿ’ ಎಂದಿದ್ದರೆ ಬೇರೆಯೇ ಅರ್ಥ. ‘ಶೈಲಿ’ ಸೇರಿಕೊಂಡ ಕೂಡಲೇ ಅದು ಮುಂದೆ ಯಾವಾಗಲೋ ಮಾಡಿದ ಪ್ರತಿ ಎಂದು ತಿಳಿಯಿರಿ. ಶಿಲ್ಪದ ವಿಚಾರದಲ್ಲಿ ಮೆಟ್ಟಿಲು ಇನ್ನೂ ಹೆಚ್ಚು. ಕಲಾವಿದನ ಹೆಸರನ್ನಷ್ಟೇ ಕೊಟ್ಟಿದ್ದರೆ ಅವನದೇ ಕೃತಿ ಎಂದು ಮಾರುವವರು ಹೇಳುತ್ತಿದ್ದಾರೆ. ‘ಅವನದಿರಬಹುದು’, ‘ಅವನ ಕಾರ್ಯಾಗಾರದ್ದು’, ‘ಅವನ ವಲಯದ್ದು’, ‘ಅವನ ರೀತಿಯದು’ ಎನ್ನುತ್ತ ಹೋದಂತೆ ನಂಟು ತೆಳುವಾಗುತ್ತದೆ. ‘ಅವನ ಕೃತಿಯನ್ನು ಅನುಸರಿಸಿದ್ದು’ ಅಂದರೆ ನಕಲು, ಅಷ್ಟೆ. ಆ ನಕಲನ್ನು ಯಾವಾಗ ಮಾಡಿದರು ಎನ್ನುವುದನ್ನು ಆ ಮಾತು ಹೇಳುವುದಿಲ್ಲ.

ಸ್ಥಿತಿಯ ವರದಿಯನ್ನು ಬರಹದಲ್ಲೇ ಕೇಳಿ. ‘ಹೇಗಿದೆ?’ ಎಂದರೆ ‘ವಯಸ್ಸಿಗೆ ತಕ್ಕಂತಿದೆ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಕಾಲುಗಳು ಮೂಲದವೇ, ಮೇಲಿನ ಹಲಗೆ ಬದಲಾಗಿದೆಯೇ, ಗಡಿಯಾರದ ಯಂತ್ರವೂ ಪೆಟ್ಟಿಗೆಯೂ ಮೊದಲಿನಿಂದ ಜೊತೆಗಿದ್ದವೇ ಎಂದು ಒಂದೊಂದಾಗಿ ಕೇಳಿ. ವರದಿಯಲ್ಲಿ ಒಂದು ಬಿರುಕಿನ ಮಾತೇ ಇಲ್ಲವೆಂದರೆ ಬಿರುಕು ಇಲ್ಲ ಎಂದಲ್ಲ.

ಮರದ ಸಾಮಾನು: ಡ್ರಾಯರಿನಿಂದ ಶುರು ಮಾಡಿ

ಒಂದು ಡ್ರಾಯರನ್ನು ಪೂರ್ತಿ ಹೊರಗೆಳೆದು ಬೋರಲು ಹಾಕಿ. ಇಡೀ ಬೀರುವಿನ ಚರಿತ್ರೆ ಅಲ್ಲೇ ಸಿಗುತ್ತದೆ.

ಮೊದಲು ಮೂಲೆಗಳ ಡವ್‌ಟೇಲ್ ಜೋಡಣೆ, ಅಂದರೆ ಎರಡು ಹಲಗೆಗಳನ್ನು ಪಾರಿವಾಳದ ಬಾಲದಾಕಾರದ ಹಲ್ಲುಗಳಿಂದ ಒಂದಕ್ಕೊಂದು ಸಿಕ್ಕಿಸುವುದು. ಕೈಯಲ್ಲಿ ಕೊರೆದದ್ದಾದರೆ ಒಂದು ಹಲ್ಲಿನಂತೆ ಇನ್ನೊಂದು ಇರುವುದಿಲ್ಲ, ಬಡಗಿ ಗುರುತಿಗೆಂದು ಎಳೆದ ಸಣ್ಣ ಗೀರು ಉಳಿದಿರುತ್ತದೆ. ಎಲ್ಲವೂ ಒಂದೇ ಅಳತೆ, ಒಂದೇ ಅಂತರ ಎಂದರೆ ಯಂತ್ರದ ಕೆಲಸ. 19ನೇ ಶತಮಾನದ ಉತ್ತರಾರ್ಧದಿಂದ ಈಚೆಗೆ ಇದು ಸಾಮಾನ್ಯವಾಯಿತು. ಆದರೆ ಕೈಕೊರೆತವೊಂದೇ ಹಳೆಯದೆಂಬುದಕ್ಕೆ ಸಾಕ್ಷಿಯಲ್ಲ, ಇವತ್ತಿನ ಒಳ್ಳೆಯ ಬಡಗಿಯೂ ಹಾಗೇ ಕೊರೆಯುತ್ತಾನೆ.

ಆಮೇಲೆ ಹಿಡಿಯ ತೂತುಗಳು. ಡ್ರಾಯರಿನ ಮುಂಹಲಗೆಯ ಒಳಮೈಯಲ್ಲಿ ತೂತುಗಳನ್ನು ಎಣಿಸಿ. ಮುಚ್ಚಿದ ಹಳೆಯ ತೂತುಗಳು ಎರಡು ಮೂರು ಜೊತೆ ಇದ್ದರೆ ಹಿಡಿಗಳು ಬದಲಾಗಿವೆ. ಇದು ಮಾಮೂಲು, ದೊಡ್ಡ ದೋಷವಲ್ಲ. ಆದರೆ ಒಳಗೆ ಹಳೆಯ ತೂತಿದ್ದು ಹೊರಮೈಯಲ್ಲಿ ಅದರ ಸುಳಿವೇ ಇಲ್ಲದಿದ್ದರೆ ಮುಂಭಾಗಕ್ಕೆ ಆಮೇಲೆ ವೆನಿಯರ್ (ಒಳ್ಳೆಯ ಮರದ ತೆಳು ಹಾಳೆ) ಅಂಟಿಸಿದ್ದಾರೆ ಎಂದರ್ಥ. ಹಳೆಯ ವೆನಿಯರನ್ನು ಗರಗಸದಲ್ಲಿ ಸೀಳುತ್ತಿದ್ದರು, ದಪ್ಪ 1.5ರಿಂದ 3 ಮಿ.ಮೀ. ಇರುತ್ತಿತ್ತು. ಯಂತ್ರದ ಬ್ಲೇಡಿನಲ್ಲಿ ಹೆರೆದದ್ದು 1 ಮಿ.ಮೀ.ಗಿಂತ ತೆಳು. ಅಂಚು ಕಿತ್ತಿರುವ ಕಡೆ ಲೂಪ್ ಇಟ್ಟು ನೋಡಿ. ಹಿಡಿಗೆ ಅಯಸ್ಕಾಂತ ಅಂಟಿದರೆ ಅದು ಹಿತ್ತಾಳೆಯ ಲೇಪ ಕೊಟ್ಟ ಕಬ್ಬಿಣ, ಅಂದರೆ ಈಚಿನದು.

ಮೂರನೆಯದು ಸವೆತ. ನೂರಾರು ವರ್ಷ ಎಳೆದು ತಳ್ಳಿದ ಡ್ರಾಯರಿನ ಪಕ್ಕದ ಹಲಗೆಗಳ ಕೆಳಅಂಚು ಸವೆದು ಇಳಿದಿರುತ್ತದೆ. ಅದು ಜಾರುವ ಒಳಪಟ್ಟಿಯೂ ಅಷ್ಟೇ ಸವೆದಿರಬೇಕು. ಒಂದು ಸವೆದು ಇನ್ನೊಂದು ಸಪಾಟಾಗಿದ್ದರೆ ಪಟ್ಟಿ ಬದಲಾಗಿದೆ, ಇಲ್ಲವೇ ಡ್ರಾಯರೇ ಬೇರೆ ಕಡೆಯದು.

ಬಣ್ಣವನ್ನೂ ಅಲ್ಲೇ ಓದಬಹುದು. ಗಾಳಿ ತಾಗಿದ ಭಾಗ ಕಂದಿ, ಮರೆಯಲ್ಲಿದ್ದ ಭಾಗ ತಿಳಿಯಾಗಿ ಉಳಿಯುವುದು ಮರದ ಸ್ವಭಾವ. ತಳ, ಪಕ್ಕ, ಸಂದು ಎಲ್ಲ ಒಂದೇ ಕಂದು ಎಂದರೆ ಬಣ್ಣ ಬಳಿದಿದ್ದಾರೆ. ಮೂಲೆಗಳಲ್ಲಿ ಅದು ಹರಿದು ಕಟ್ಟಿ ನಿಂತ ಗೆರೆಯೂ ಸಿಕ್ಕೀತು.

ದುಂಡು ಮೇಜಾದರೆ ಟೇಪು ತೆಗೆಯಿರಿ. ಮರ ಎಳೆಯ ಉದ್ದಕ್ಕೆ ಕುಗ್ಗುವುದಿಲ್ಲವೆಂದೇ ಹೇಳಬಹುದು, ಅಡ್ಡಕ್ಕೆ ಕುಗ್ಗುತ್ತದೆ. ಗಟ್ಟಿ ಮರದ ಹಳೆಯ ದುಂಡುಮೇಜು ಹೀಗೆ ಕಾಲಕ್ರಮದಲ್ಲಿ ಕೊಂಚ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಮೀಟರು ಅಗಲದ ಹಲಗೆಯಲ್ಲಿ ಎರಡು ದಿಕ್ಕಿನ ಅಳತೆಗೂ ಕೆಲವು ಮಿಲಿಮೀಟರ್ ವ್ಯತ್ಯಾಸ ಸಿಗಬೇಕು. ಇನ್ನೂರು ವರ್ಷದ್ದೆನ್ನುವ ಮೇಜು ಕೈವಾರದಲ್ಲಿ ಬರೆದಷ್ಟು ದುಂಡಗಿದ್ದರೆ ಅನುಮಾನಪಡಿ.

ಎರಡು ಭಾಗದ ಬೀರುಗಳಲ್ಲಿ, ಅಂದರೆ ಕೆಳಗೆ ಡ್ರಾಯರು ಮೇಲೆ ಪುಸ್ತಕದ ಕಪಾಟು ಇರುವಂಥವುಗಳಲ್ಲಿ, ಬೇರೆ ಬೇರೆ ಕಡೆಯ ಎರಡನ್ನು ಜೋಡಿಸಿದ ಪ್ರಕರಣ ಬಹಳ. ಹಿಂಹಲಗೆಗಳ ಮರ, ಪಕ್ಕದ ಎಳೆ ಹೊಂದುತ್ತವೆಯೇ ನೋಡಿ. ಮೇಲಿನ ಭಾಗ ಕೂತಿರುವ ಜಾಗದ ಕೆಳಗೆ ಟಾರ್ಚ್ ಬಿಡಿ. ಯಾರಿಗೂ ಕಾಣದ ಆ ಜಾಗಕ್ಕೆ ದುಬಾರಿ ವೆನಿಯರ್ ಯಾರು ಹಾಕುತ್ತಾರೆ? ಅಲ್ಲಿ ವೆನಿಯರೂ ಪಾಲಿಶೂ ಇದ್ದರೆ ಕೆಳಗಿನದು ಮೊದಲು ಒಂಟಿಯಾಗಿತ್ತು.

ಹಿಂಹಲಗೆಯ ಮೇಲೆ ಕಮಾನಿನಂಥ ಗರಗಸದ ಗೆರೆಗಳಿದ್ದರೆ ದುಂಡು ಗರಗಸದ ಕೆಲಸ, 19ನೇ ಶತಮಾನಕ್ಕಿಂತ ಹಿಂದಕ್ಕೆ ಒಯ್ಯುವುದು ಕಷ್ಟ. ಚೂಪು ಮೊನೆಯ ಸ್ಕ್ರೂ ಬಳಕೆಗೆ ಬಂದದ್ದು 1840ರ ದಶಕದ ನಂತರ, ತಲೆಯಲ್ಲಿ ಪ್ಲಸ್ ಗುರುತಿನದು 1930ರ ದಶಕದಲ್ಲಿ. ಒಂದೆರಡು ಹೊಸ ಸ್ಕ್ರೂ ರಿಪೇರಿಯದ್ದಿರಬಹುದು. ಹಳೆಯ ತೂತಿನ ಗುರುತೇ ಇಲ್ಲದ ಕಡೆ ಹೊಸ ಸ್ಕ್ರೂ ಕೂತಿದ್ದರೆ ಮಾತ್ರ ಎಚ್ಚರ.

ಕುಟ್ಟೆಯ ತೂತು 1ರಿಂದ 2 ಮಿ.ಮೀ.ನ ದುಂಡನೆಯದು. ಹುಳು ಮರದೊಳಗೇ ಸುರಂಗ ಕೊರೆದು ಕೊನೆಗೆ ನೇರ ಹೊರಬರುತ್ತದೆ. ಹೊರಮೈಮೇಲೆ ಸುರಂಗಗಳು ಉದ್ದಕ್ಕೆ ಕಾಲುವೆಯಂತೆ ತೆರೆದು ಬಿದ್ದಿದ್ದರೆ, ಕುಟ್ಟೆ ತಿಂದ ಹಳೆಯ ಮರವನ್ನು ಆಮೇಲೆ ಕೊಯ್ದು ಹೊಸ ಸಾಮಾನು ಮಾಡಿದ್ದಾರೆ.

ಕುರ್ಚಿಗಳ ಸೆಟ್ಟಾದರೆ ಒಂದೊಂದನ್ನೂ ಕೈಯಲ್ಲಿ ಎತ್ತಿ ತೂಕ ಹೋಲಿಸಿ. ಆರರಲ್ಲಿ ಎರಡು ಆಮೇಲೆ ಮಾಡಿಸಿದ್ದವು ಎಂಬುದು ಎಷ್ಟೋ ಸಲ ಕೈಗೇ ಗೊತ್ತಾಗುತ್ತದೆ.

ಗಡಿಯಾರ

ಒಂದು ನಿಮಿಷ ಟಿಕ್ ಟಿಕ್ ಎಂದಿತೆಂದು ನಂಬಬೇಡಿ. ಎಂಟು ದಿನದ ಗಡಿಯಾರ ಒಮ್ಮೆ ಕೀಲಿ ಕೊಟ್ಟರೆ ಎಂಟು ದಿನ ಓಡಬೇಕು, ಅದನ್ನು ಅಲ್ಲಿ ಪರೀಕ್ಷಿಸಲಾಗುವುದಿಲ್ಲ. ಆದ್ದರಿಂದ ಯಂತ್ರವನ್ನೇ ನೋಡಿ. ಸಿಬ್ಬಂದಿಯಿಂದಲೇ ಬಾಗಿಲು ತೆಗೆಸಿ, ನೀವಾಗಿ ಕೀಲಿ ಕೊಡಬೇಡಿ. ಅಚ್ಚುಗಳು ಕೂರುವ ಹಿತ್ತಾಳೆ ತೂತುಗಳು ಮೊಟ್ಟೆಯಾಕಾರಕ್ಕೆ ಸವೆದು ಸುತ್ತ ಕಪ್ಪು ಎಣ್ಣೆ ಕಟ್ಟಿದ್ದರೆ ಬುಷ್ (ಸವೆದ ತೂತಿಗೆ ಕೂರಿಸುವ ಹೊಸ ಬಳೆ) ಹಾಕಿಸುವ ಖರ್ಚು ಖಂಡಿತ. ಮುಖ್ಯ ಸ್ಪ್ರಿಂಗ್ ತುಂಡಾದಾಗ ಆ ಹೊಡೆತಕ್ಕೆ ಹಲ್ಲುಚಕ್ರದ ಹಲ್ಲುಗಳೂ ಮುರಿದಿರಬಹುದು, ಎಣಿಸಿ ನೋಡಿ. ಟಿಕ್ ಮತ್ತು ಟಾಕ್ ನಡುವಿನ ಅಂತರ ಕುಂಟುತ್ತಿದ್ದರೆ ಗಾಬರಿ ಬೇಡ, ನೆಲ ಮಟ್ಟವಿಲ್ಲದಿದ್ದರೂ ಹಾಗಾಗುತ್ತದೆ. ಎಣಿಕೆ ಚಕ್ರದ ಗಡಿಯಾರ, ಅಂದರೆ ಮುಳ್ಳನ್ನು ನೋಡದೆ ಸರದಿಯಂತೆ ಗಂಟೆ ಹೊಡೆಯುವಂಥದ್ದು, ಮೂರಕ್ಕೆ ಏಳು ಗಂಟೆ ಹೊಡೆದರೂ ಅದು ಕೆಟ್ಟಿದೆ ಎಂದಲ್ಲ, ಮುಳ್ಳಿಗೂ ಗಂಟೆಗೂ ತಾಳ ತಪ್ಪಿದೆ, ಅಷ್ಟೆ.

ಆಳೆತ್ತರದ ನಿಲುವು ಗಡಿಯಾರದಲ್ಲಿ ದೊಡ್ಡ ಪ್ರಶ್ನೆ ಒಂದೇ: ಯಂತ್ರ, ಡಯಲ್, ಪೆಟ್ಟಿಗೆ ಮೂರೂ ಒಂದೇ ಸಂಸಾರದವೇ? ಡಯಲಿನ ಅಂಚಿಗೂ ಮರದ ಚೌಕಟ್ಟಿಗೂ ನಡುವೆ ಸಂದು ಕಾಣಬಾರದು. ಯಂತ್ರ ಕೂತಿರುವ ಹಲಗೆಯ ಕೆಳಗೆ ಹೊಸ ಮರದ ಚೂರು ಕೊಟ್ಟು ಎತ್ತರಿಸಿದ್ದರೆ, ಯಂತ್ರದ ಮುಂದಿನ ತಗಡಿನಲ್ಲಿ ಕೆಲಸಕ್ಕೆ ಬಾರದ ತೂತುಗಳಿದ್ದರೆ ಬೆರಕೆ ಎಂದುಕೊಳ್ಳಿ. ಡಯಲಿನಲ್ಲಿ ಕೀಲಿ ತೂತು ಎರಡಿದ್ದರೆ ಸಾಮಾನ್ಯವಾಗಿ ಎಂಟು ದಿನದ್ದು. ಆದರೆ 30 ಗಂಟೆಯ ಕೆಲವಕ್ಕೂ ಘನತೆಗೆಂದು ಸುಳ್ಳು ತೂತು ಬರೆಯುತ್ತಿದ್ದರು, ಒಳಗೆ ನೋಡಿಯೇ ನಂಬಿ. ಇಂಗ್ಲೆಂಡಿನ ನಿಲುವು ಗಡಿಯಾರಗಳಿಗೆ ಬಿಳಿ ಬಣ್ಣದ ಡಯಲ್ ಬಂದದ್ದು 1770ರ ದಶಕದಲ್ಲಿ. ಅಂಥ ಡಯಲ್ ಇಟ್ಟುಕೊಂಡು 1720ರದ್ದು ಎಂದರೆ ಲೆಕ್ಕ ಕೂಡುವುದಿಲ್ಲ. ಒಂದು ಸೆಕೆಂಡಿಗೆ ಒಂದು ಸಲ ತೂಗುವ ಲೋಲಕದ ಪರಿಣಾಮಕಾರಿ ಉದ್ದ ಸುಮಾರು 99.4 ಸೆಂ.ಮೀ. ಅದಕ್ಕಿಂತ ತೀರಾ ಗಿಡ್ಡದ್ದನ್ನು ಸೆಕೆಂಡಿನ ಯಂತ್ರಕ್ಕೆ ತೂಗುಹಾಕಿದ್ದರೆ ಲೋಲಕ ಬೇರೆಯದು.

ಫ್ರೆಂಚ್ ಮೇಜಿನ ಗಡಿಯಾರಕ್ಕೆ ಸುಲಭದ ಪರೀಕ್ಷೆಯೊಂದಿದೆ. ಹಿಂದಿನ ಮುಚ್ಚಳ ತೆಗೆಸಿ, ಯಂತ್ರದ ಹಿಂತಗಡಿನಲ್ಲಿ ಒತ್ತಿರುವ ಸಂಖ್ಯೆ ಬರೆದುಕೊಳ್ಳಿ. ಎಷ್ಟೋ ಸಲ ಅದೇ ಸಂಖ್ಯೆಯನ್ನು ಲೋಲಕದ ಮೇಲೂ ಒತ್ತಿರುತ್ತಾರೆ. ಬೇರೆ ಸಂಖ್ಯೆ ಕಂಡರೆ ಲೋಲಕ ಬದಲಾಗಿದೆ. ಹಿಂತಗಡಿನ ಕೆಳಗೆ ಬಿಡಿಬಿಡಿಯಾಗಿ ‘5 4’ ಎಂಬಂತೆ ಕಂಡರೆ ಅದು ಕ್ರಮಸಂಖ್ಯೆಯಲ್ಲ, ಹಳೆಯ ಫ್ರೆಂಚ್ ಅಂಗುಲದ ಲೆಕ್ಕದಲ್ಲಿ ಲೋಲಕದ ಉದ್ದ. ಆ ಅಂಗುಲ 27.07 ಮಿ.ಮೀ., ಅದರ ಹನ್ನೆರಡನೇ ಒಂದು ಭಾಗ ಒಂದು ಲಿಗ್ನ್. ಹಾಗಾಗಿ 5 4 ಅಂದರೆ 5 ಅಂಗುಲ 4 ಲಿಗ್ನ್, ಸುಮಾರು 144 ಮಿ.ಮೀ.

ಲೋಲಕದಲ್ಲಿ ಗಾಜಿನ ಕೊಳವೆಯಿದ್ದರೆ ಒಳಗೆ ಪಾದರಸವಿದ್ದೀತು, ವಾಲಿಸಬೇಡಿ. ಕತ್ತಲಲ್ಲಿ ಹೊಳೆಯಲೆಂದು ಬಣ್ಣ ಬಳಿದ 20ನೇ ಶತಮಾನದ ಗಡಿಯಾರಗಳಲ್ಲಿ ರೇಡಿಯಂ ಇರಬಹುದು, ಗಾಜು ಬಿಚ್ಚಬೇಡಿ.

ಶಿಲ್ಪ

ಕಂಚೆಂದು ಕಾಣುವ ಮೂರ್ತಿಗಳಲ್ಲಿ ಒಂದಷ್ಟು ಸತುವಿನವು. ಎರಡಕ್ಕೂ ಅಯಸ್ಕಾಂತ ಅಂಟುವುದಿಲ್ಲ, ಹಾಗಾಗಿ ಆ ಪರೀಕ್ಷೆ ಇಲ್ಲಿ ವ್ಯರ್ಥ. ತಳದ ಒಳಗು, ಕಾಲಿನ ಅಂಚು, ಬಣ್ಣ ಸವೆದ ಮೂಗಿನ ತುದಿ ನೋಡಿ: ಕಂಚಾದರೆ ಒಳಗೆ ಚಿನ್ನದ ಛಾಯೆ, ಸತುವಾದರೆ ಬೂದು ಬಣ್ಣ. ಬೆರಳ ಗೆಣ್ಣಿನಿಂದ ತಟ್ಟಿದಾಗ ಕಂಚು ಝೇಂಕರಿಸುತ್ತದೆ, ಸತು ಮಂಕಾಗಿ ಸದ್ದು ಮಾಡುತ್ತದೆ. ಕಂಚಿನ ಪುಡಿ ಬೆರೆಸಿದ ರೆಸಿನ್ (ಪ್ಲಾಸ್ಟಿಕ್‌ನಂಥ ವಸ್ತು) ಕೈಗೆ ತಣ್ಣಗಿರುವುದಿಲ್ಲ.

ಕಂಚೇ ಆದರೂ ಎರಕದಿಂದ ಮತ್ತೊಂದು ಎರಕ ತೆಗೆದಿರಬಹುದು. ಕಾದ ಕಂಚು ಆರುವಾಗ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಕುಗ್ಗುತ್ತದೆ. ಹಾಗಾಗಿ 50 ಸೆಂ.ಮೀ. ಮೂರ್ತಿಯಿಂದ ಅಚ್ಚು ತೆಗೆದು ಎರೆದದ್ದು ಸುಮಾರು 49 ಸೆಂ.ಮೀ.ಗೆ ಇಳಿಯುತ್ತದೆ, ಕೂದಲ ಎಳೆ, ಉಗುರು, ಸಹಿ ಎಲ್ಲ ಮೊಂಡಾಗುತ್ತವೆ. ಮ್ಯೂಸಿಯಂನಲ್ಲಿರುವ ಪ್ರತಿಯ ಅಳತೆ ಮೊದಲೇ ಬರೆದುಕೊಂಡು ಹೋಗಿ. ಆದರೆ ಎಲ್ಲ ಚಿಕ್ಕ ಪ್ರತಿಯೂ ಕಳ್ಳಪ್ರತಿಯಲ್ಲ. ಪ್ಯಾರಿಸ್ಸಿನ ಬಾರ್ಬೆಡಿಯೆನ್ ಎರಕಶಾಲೆ ಕೋಲಾಸ್‌ನ ಯಂತ್ರದಿಂದ ಶಿಲ್ಪಗಳನ್ನು ಬೇರೆ ಬೇರೆ ಅಳತೆಗೆ ಇಳಿಸಿ ರಾಜಾರೋಷವಾಗಿಯೇ ಮಾರುತ್ತಿತ್ತು.

ಅಮೃತಶಿಲೆ ಎಂದದ್ದು ಅಲಬಾಸ್ಟರ್ ಆಗಿರಬಹುದು, ಅದು ಉಗುರಿಗೂ ಗೀರುವಷ್ಟು ಮೆದು. ಗೀರುವ ಬದಲು ಅಂಚುಗಳು ಎಷ್ಟು ಸವೆದಿವೆ ನೋಡಿ. ಅಚ್ಚಿನ ಕೂಡುಗೆರೆ, ಗಾಳಿಗುಳ್ಳೆಯ ಸೂಜಿತೂತು ಕಂಡರೆ ಅದು ಕಲ್ಲಿನ ಪುಡಿಯ ರೆಸಿನ್. ಕೆತ್ತಿದ್ದರಲ್ಲಿ ಕಿವಿಯ ಹಿಂದೆ, ಮಡಿಕೆಯ ಆಳದಲ್ಲಿ ಉಳಿಯ ಗುರುತು ಉಳಿದಿರುತ್ತದೆ. ಮೂಗು, ಬೆರಳು ಮರುಜೋಡಿಸಿದ್ದರೆ ಅತಿನೇರಳೆ ಬೆಳಕಿನಲ್ಲಿ ಅಂಟು ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಕಂಚಿನ ಮೇಲೆ ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಕ್ಲೋರೈಡಿನ ರೋಗ, ಒರೆಸಿದರೆ ಹೋಗುವುದಿಲ್ಲ.

ಪ್ರಾಚೀನ ಶಿಲ್ಪಕ್ಕೆ ಕಾಗದ ಬೇಕೇ ಬೇಕು. ಕಳ್ಳಸಾಗಣೆ ತಡೆಯುವ ಯುನೆಸ್ಕೋ ಒಪ್ಪಂದ 1970ರದ್ದು, ಆ ವರ್ಷಕ್ಕಿಂತ ಮುಂಚೆ ಅದು ಎಲ್ಲಿತ್ತು ಎಂಬ ದಾಖಲೆ ಇಲ್ಲದಿದ್ದರೆ ಎಷ್ಟೇ ಚೆಂದವಿದ್ದರೂ ಬಿಡಿ. ದಂತ, ಆಮೆಚಿಪ್ಪು, ಬ್ರೆಜಿಲ್ ರೋಸ್‌ವುಡ್ ಇರುವ ಸಾಮಾನು ಗಡಿ ದಾಟಲು ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪರವಾನಗಿ ಬೇಕು. ಕೊಂಡ ಮೇಲೆ ಅದು ಸಿಗದಿದ್ದರೆ ನಷ್ಟ ನಿಮ್ಮದೇ.

ಕೂಗು, ಸಾಗಣೆ

ಸುತ್ತಿಗೆ ಬಿದ್ದ ಬೆಲೆ ನೀವು ಕೊಡುವ ಬೆಲೆಯಲ್ಲ. ಅದರ ಮೇಲೆ ಕೊಳ್ಳುವವರ ಕಮಿಷನ್, ಕಮಿಷನ್ ಮೇಲೆ ತೆರಿಗೆ, ಆನ್‌ಲೈನ್ ಕೂಗಿದರೆ ಇನ್ನಷ್ಟು. ಕಮಿಷನ್ 25%, ಅದರ ಮೇಲೆ ತೆರಿಗೆ 20% ಎಂದಿಟ್ಟುಕೊಂಡರೆ 100ಕ್ಕೆ 130 ಆಗುತ್ತದೆ. ಒಟ್ಟು 1000 ಮಾತ್ರ ಕೊಡಬಲ್ಲೆ ಎನ್ನುವವರು 1.3ರಿಂದ ಭಾಗಿಸಿ 769ಕ್ಕೆ ನಿಲ್ಲಬೇಕು. ಸಾಗಣೆ, ರಿಪೇರಿಯ ಖರ್ಚನ್ನು ಭಾಗಿಸುವ ಮೊದಲೇ ಕಳೆಯಿರಿ. ಆ ಅಂಕಿಯನ್ನು ಕ್ಯಾಟಲಾಗಿನ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ, ಕೂಗಿನ ಬಿಸಿಯಲ್ಲಿ ಮನಸ್ಸಿನ ಲೆಕ್ಕ ಉಳಿಯುವುದಿಲ್ಲ.

ಸಾಗಿಸುವ ಮುನ್ನ ಗಡಿಯಾರದ ಲೋಲಕ, ತೂಕದ ಗುಂಡು ಎರಡನ್ನೂ ಬಿಚ್ಚಿ. ಲೋಲಕ ತೂಗುತ್ತಲೇ ಹೊತ್ತರೆ ಅದು ನೇತಾಡುವ ತೆಳು ಉಕ್ಕಿನ ಪಟ್ಟಿ ಮಡಿಚಿ ಮುರಿಯುತ್ತದೆ. ಗುಂಡುಗಳಿಗೆ ಎಡ, ಬಲ ಎಂದು ಚೀಟಿ ಕಟ್ಟಿ, ಎರಡರ ತೂಕ ಬೇರೆಯಿರಬಹುದು. ಬೀರುವನ್ನು ಮೇಲ್ಹಲಗೆ ಹಿಡಿದು ಎತ್ತಬೇಡಿ, ಡ್ರಾಯರು ತೆಗೆದು ಕೆಳಚೌಕಟ್ಟಿಗೆ ಕೈಕೊಡಿ.

ಮರದ ಸಾಮಾನನ್ನು ಮನೆಯ ಇತರ ಮರದಿಂದ ದೂರವಿಟ್ಟು, ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಬಿಡಿ. ಕಾಗದದ ಮೇಲೆ ಹಿಟ್ಟು ಉದುರಿದರೆ ಕುಟ್ಟೆ ಇನ್ನೂ ಜೀವಂತ. ಚಿಕ್ಕದಾದರೆ ಪ್ಲಾಸ್ಟಿಕ್‌ನಲ್ಲಿ ಗಾಳಿಯಾಡದಂತೆ ಸುತ್ತಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಬಹುದು. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವ ತನಕ ಸುತ್ತು ಬಿಚ್ಚಬೇಡಿ, ಇಲ್ಲದಿದ್ದರೆ ಮೈಮೇಲೆ ನೀರು ಕಟ್ಟಿ ಪಾಲಿಶ್ ಬೆಳ್ಳಗಾಗುತ್ತದೆ. ವೆನಿಯರ್, ಕೆತ್ತನೆ, ದಂತ ಕೂರಿಸಿದ್ದಾದರೆ ಈ ಕೆಲಸವನ್ನು ಸಂರಕ್ಷಕರ ಕೈಗೆ ಕೊಡಿ.