ಪರ್ಲ್ ಗೌರಾಮಿಗಳಿಗೆ ಜೊತೆಗಾರರನ್ನು ಆರಿಸಿದ ಬಗೆ

ಬೆಂಗಳೂರಿನ ನಮ್ಮ ಮನೆಯ ಅಕ್ವೇರಿಯಂ ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು. ಲೆಕ್ಕಕ್ಕೆ ಅದು ಸುಮಾರು 160 ಲೀಟರಿನ ತೊಟ್ಟಿಯಾದರೂ ಮರಳು, ಮರದ ಬೇರು, ಮೇಲೆ ಬಿಟ್ಟ ಖಾಲಿ ಜಾಗ ಕಳೆದರೆ ಅದರಲ್ಲಿ ನಿಜವಾಗಿ ನಿಲ್ಲುವ ನೀರು 130 ಲೀಟರಿನ ಆಸುಪಾಸು. ಮೊದಲಿನಿಂದಲೂ ಅದರಲ್ಲಿ ಒಂದು ಗಂಡು, ಮೂರು ಹೆಣ್ಣು ಪರ್ಲ್ ಗೌರಾಮಿ ಎಂಬ ಮೀನುಗಳಿದ್ದವು. ಅವು ಹೆಚ್ಚಾಗಿ ಮೇಲ್ಭಾಗದಲ್ಲೇ ಸುಳಿದಾಡುತ್ತಿದ್ದುದರಿಂದ ನಡುವಿನ ಮತ್ತು ತಳದ ಜಾಗಕ್ಕೆ ಬೇರೆ ಮೀನು ತರಬೇಕೆಂದು ನಿರ್ಧರಿಸಿದೆ. ನನಗೆ ಯಾವ ಮೀನು ಇಷ್ಟ ಎನ್ನುವುದಕ್ಕಿಂತ ಈಗಾಗಲೇ ಅಲ್ಲಿ ನೆಲೆಸಿರುವ ಮೀನಿನ ಜೊತೆ ಯಾವುದು ನೆಮ್ಮದಿಯಿಂದ ಇರಬಲ್ಲದು ಎಂಬುದನ್ನೇ ಮೊದಲು ನೋಡಿದೆ.

ಅದಕ್ಕೂ ಮೊದಲು ಪರೀಕ್ಷಿಸಿದ್ದು ನೀರನ್ನು. ನಮ್ಮಲ್ಲಿ ಬೋರ್‌ವೆಲ್ ನೀರೂ ಬರುತ್ತದೆ, ಕಾವೇರಿ ನೀರೂ ಬರುತ್ತದೆ. ಟೆಸ್ಟ್ ಕಿಟ್ಟಿನಲ್ಲಿ ಬೋರ್‌ವೆಲ್ ನೀರಿನ ಗಡಸುತನ, ಅಂದರೆ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಪ್ರಮಾಣ, 350 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 350 ಪಾಲು) ಸಮೀಪ ಬಂದರೆ, ಕಾವೇರಿ ನೀರಿನದು ಅದರ ಅರ್ಧಕ್ಕಿಂತ ಕಡಿಮೆಯಿತ್ತು. ಬೋರ್‌ವೆಲ್ ಒಂದೇ ಗತಿಯಾಗಿದ್ದರೆ ಗಡಸು ನೀರಿನಲ್ಲಿ ಚೆನ್ನಾಗಿ ಬೆಳೆಯುವ ಮಾಲಿ, ಪ್ಲ್ಯಾಟಿ, ಗಪ್ಪಿಗಳನ್ನೇ ಸಾಕುವುದು ಸರಿಯಾಗುತ್ತಿತ್ತು. ಪರ್ಲ್ ಗೌರಾಮಿ ಮಲಯ ಪರ್ಯಾಯ ದ್ವೀಪ, ಸುಮಾತ್ರಾ, ಬೋರ್ನಿಯೋಗಳ ನಿಧಾನವಾಗಿ ಹರಿಯುವ ಮೆದು ನೀರಿನ ಮೀನು. ಆದ್ದರಿಂದ ಕ್ಲೋರಿನ್ ತೆಗೆದ ಕಾವೇರಿ ನೀರನ್ನೇ ಬಳಸುತ್ತಾ ಬಂದಿದ್ದೇನೆ, ಹೊಸ ಮೀನೂ ಅದೇ ನೀರಿಗೆ ಒಗ್ಗುವಂಥದ್ದಾಗಬೇಕಿತ್ತು. ನೀರು ಹೊಂದದಿದ್ದರೆ ಸ್ವಭಾವ ಹೊಂದಿದರೂ ಪ್ರಯೋಜನವಿಲ್ಲ, ಏಕೆಂದರೆ ಒಗ್ಗದ ನೀರಿನಲ್ಲಿ ಮೀನು ಒಮ್ಮೆಲೇ ಸಾಯದೆ ತಿಂಗಳುಗಟ್ಟಲೆ ಸೊರಗುತ್ತದೆ, ರೋಗ ಬಂದಾಗ ತಡೆದುಕೊಳ್ಳುವ ಶಕ್ತಿ ಅದಕ್ಕಿರುವುದಿಲ್ಲ.

ಅಂಗಡಿಯಲ್ಲಿ ಸುಲಭವಾಗಿ ಸಿಗುವ ಮೀನುಗಳಲ್ಲಿ ಬಹುಪಾಲನ್ನು ಬಿಡಬೇಕಾಯಿತು. ಗೌರಾಮಿಯ ಹೊಟ್ಟೆಯಡಿಯಿಂದ ದಾರದಂತೆ ಇಳಿಬಿದ್ದ ಎರಡು ಉದ್ದ ರೆಕ್ಕೆಗಳಿರುತ್ತವೆ. ಸುತ್ತಲಿನದನ್ನು ಅದು ಮುಟ್ಟಿ ಅರಿಯುವುದು ಅವುಗಳಿಂದಲೇ. ರೆಕ್ಕೆ ಕಚ್ಚುವ ಅಭ್ಯಾಸವಿರುವ ಟೈಗರ್ ಬಾರ್ಬ್ ಈ ಕಾರಣಕ್ಕೇ ಬೇಡವಾಯಿತು. ಆ ಮೀನನ್ನು ಹಿಂಡಾಗಿ ಸಾಕಿದರೆ ಕಚ್ಚಾಟ ತಮ್ಮತಮ್ಮಲ್ಲೇ ಮುಗಿಯುತ್ತದೆ ಎಂಬ ಮಾತು ಸ್ವಲ್ಪಮಟ್ಟಿಗೆ ನಿಜವಾದರೂ, ಇಂಥ ರೆಕ್ಕೆಯ ಮೀನನ್ನು ಎದುರಿಗಿಟ್ಟು ಅದನ್ನು ನಂಬಲು ನಾನು ಸಿದ್ಧನಿರಲಿಲ್ಲ. ಫೈಟರ್ ಮೀನು (ಬೆಟ್ಟಾ) ಗೌರಾಮಿಯ ದೂರದ ಸಂಬಂಧಿ. ಎರಡೂ ನೀರಿನ ಮೇಲ್ಮೈಗೇ ಹಕ್ಕು ಸಾಧಿಸುತ್ತವೆ. ತೊಟ್ಟಿ ಸ್ವಚ್ಛ ಮಾಡುತ್ತದೆಂದು ಮಾರುವ ಸಕ್ಕರ್ ಮೀನು ಒಂದು ಅಡಿಗೂ ಮೀರಿ ಬೆಳೆಯುತ್ತದೆ. ದಕ್ಷಿಣ ಅಮೆರಿಕದ ಈ ಮೀನು ಸಾಕುವವರ ಕೈಯಿಂದ ಹೊರಬಿದ್ದು ದಕ್ಷಿಣ ಭಾರತದ ಹಲವು ಕೆರೆ, ನದಿಗಳಲ್ಲಿ ಬೀಡುಬಿಟ್ಟಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಬೆರಳುದ್ದದ ಮರಿಯಾಗಿದ್ದಾಗ ‘ಶಾರ್ಕ್’ ಎಂಬ ಹೆಸರಿನಲ್ಲಿ ಮಾರುವುದು ಊಟಕ್ಕಾಗಿ ಕೊಳಗಳಲ್ಲಿ ಸಾಕುವ ಪಂಗಾಸ್ ಮೀನನ್ನೇ. ಅದು ಒಂದು ಮೀಟರಿಗಿಂತ ಉದ್ದ ಬೆಳೆಯಬಲ್ಲದು.

ಮನಸ್ಸಿಲ್ಲದೆ ಬಿಟ್ಟದ್ದು ನಮ್ಮದೇ ಪಶ್ಚಿಮ ಘಟ್ಟದ ಡೆನಿಸನ್ ಬಾರ್ಬನ್ನು. ಕೇರಳ ಮತ್ತು ದಕ್ಷಿಣ ಕರ್ನಾಟಕದ ಹೊಳೆಗಳಲ್ಲಿ ಮಾತ್ರ ಇರುವ, ಕೆಂಪು-ಕಪ್ಪು ಪಟ್ಟೆಯ ಈ ಮೀನು ಜಗಳಗಂಟನೇನಲ್ಲ. ಆದರೆ ಅದಕ್ಕೆ ರಭಸದ ಹರಿವು, ಹೇರಳ ಆಮ್ಲಜನಕ, ಹಿಂಡಾಗಿ ಓಡಾಡಲು ಕನಿಷ್ಠ ನಾಲ್ಕು ಅಡಿ ಉದ್ದದ ತೊಟ್ಟಿ ಬೇಕು. ಗೌರಾಮಿಯಾದರೋ ಮೇಲ್ಮೈಗೆ ಬಂದು ಗಾಳಿ ಗುಟುಕರಿಸುವ, ನಿಂತ ನೀರನ್ನು ಬಯಸುವ ಮೀನು. ಒಂದಕ್ಕೆ ಸುಖವಾಗುವ ಹರಿವಿನಲ್ಲಿ ಇನ್ನೊಂದು ದಣಿಯುತ್ತದೆ. ಅಳಿವಿನಂಚಿನಲ್ಲಿರುವ ಈ ಮೀನನ್ನು ಮುಂದೆ ಸಾಕುವುದಾದರೂ ಹೊಳೆಯಿಂದ ಹಿಡಿದುದನ್ನು ಕೊಳ್ಳದೆ, ಸಾಕಣೆಯಲ್ಲಿ ಹುಟ್ಟಿದ ಮರಿಗಳನ್ನೇ ಹುಡುಕುತ್ತೇನೆ.

ಕೊನೆಗೆ ಗೌರಾಮಿಯ ಸೀಮೆಯಲ್ಲೇ ಉತ್ತರ ಸಿಕ್ಕಿತು. ನಡುವಿನ ಜಾಗಕ್ಕೆ ಹಾರ್ಲಿಕ್ವಿನ್ ರಾಸ್ಬೋರಾ, ತಳಕ್ಕೆ ಕುಹ್ಲಿ ಲೋಚ್: ಎರಡೂ ಆಗ್ನೇಯ ಏಷ್ಯಾದ ಮೆದು ನೀರಿನ ಮೀನುಗಳು, ಎರಡಕ್ಕೂ 24ರಿಂದ 28 ಡಿಗ್ರಿ ಸೆಲ್ಸಿಯಸ್ ಸಾಕು. ರಾಸ್ಬೋರಾ ಪೂರ್ತಿ ಬೆಳೆದರೂ ಐದು ಸೆಂಟಿಮೀಟರ್ ದಾಟುವುದಿಲ್ಲ, ಹಿಂಡು ಬಿಟ್ಟು ಇರುವುದಿಲ್ಲ. ಹಾಗಾಗಿ ಹತ್ತನ್ನು ಒಟ್ಟಿಗೇ ತಂದೆ. ಗೌರಾಮಿಯ ಬಾಯಿ ಚಿಕ್ಕದೇ ಆದರೂ ತೀರಾ ಸಣ್ಣ ಮರಿಗಳನ್ನು ನುಂಗಬಹುದಾದ್ದರಿಂದ ಒಂದಿಂಚಿಗೆ ಕಡಿಮೆಯಿದ್ದವನ್ನು ಆರಿಸಲಿಲ್ಲ. ಕುಹ್ಲಿ ಹಾವಿನಂಥ ಮೈಯ, ನಾಚಿಕೆಯ ಮೀನು. ಕನಿಷ್ಠ ಆರಾದರೂ ಜೊತೆಗಿದ್ದರೆ ಮಾತ್ರ ಹೊರಗೆ ಕಾಣಿಸಿಕೊಳ್ಳುತ್ತದೆ. ಮರಳಲ್ಲಿ ಹೂತುಕೊಳ್ಳುವ ಅಭ್ಯಾಸವೂ ಅದಕ್ಕಿದೆ. ನಮ್ಮ ತೊಟ್ಟಿಯಲ್ಲಿದ್ದುದು ನುಣ್ಣನೆಯ ಮರಳಾದ್ದರಿಂದ ಅನುಕೂಲವಾಯಿತು. ಫಿಲ್ಟರಿನ ಕೊಳವೆಯೊಳಗೆ ಅವು ನುಸುಳದಂತೆ ಬಾಯಿಗೆ ಸ್ಪಂಜು ಕಟ್ಟಿದೆ, ಮುಚ್ಚಳದ ಸಂದುಗಳನ್ನೂ ಮುಚ್ಚಿದೆ.

ಅಂಗಡಿಯಲ್ಲಿ ಆಹಾರ ಹಾಕಿಸಿ, ಚುರುಕಾಗಿ ಬಂದು ತಿಂದ ಮೀನುಗಳನ್ನಷ್ಟೇ ಕೊಂಡೆ. ಒಂದೇ ಒಂದು ಮೀನಿನ ಮೈಮೇಲೆ ಬಿಳಿಚುಕ್ಕೆ (ಬೇಗ ಹರಡುವ ಒಂದು ಪರೋಪಜೀವಿ ರೋಗ) ಕಂಡರೂ ಆ ತೊಟ್ಟಿಯಿಂದ ಯಾವುದನ್ನೂ ತೆಗೆದುಕೊಳ್ಳುವುದಿಲ್ಲ. ತಂದವನ್ನು ಸ್ಪಂಜ್ ಫಿಲ್ಟರ್ ಇರುವ ಬೇರೆ ತೊಟ್ಟಿಯಲ್ಲಿ ಮೂರು ವಾರ ಇಟ್ಟೆ. ಕುಹ್ಲಿಯ ವಿಷಯದಲ್ಲಿ ಇದನ್ನು ತಪ್ಪಿಸಲೇಬಾರದು, ಏಕೆಂದರೆ ಹುರುಪೆ ಅತಿ ಸಣ್ಣದಾಗಿರುವ ಅದರ ಮೈ ಬಿಳಿಚುಕ್ಕೆಯ ಔಷಧಿಗಳನ್ನು ಸುಲಭವಾಗಿ ತಾಳುವುದಿಲ್ಲ. ಮೊದಲು ರಾಸ್ಬೋರಾಗಳನ್ನು ಸೇರಿಸಿ, ಮೀನಿನ ಕಸದಿಂದ ಹುಟ್ಟುವ ವಿಷಗಳಾದ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಯಲ್ಲೇ ನಿಂತಿರುವುದನ್ನು ಖಚಿತಪಡಿಸಿಕೊಂಡ ಮೇಲೆ ಕುಹ್ಲಿಗಳನ್ನು ಬಿಟ್ಟೆ. ಈ ವಿಷಗಳನ್ನು ಒಡೆಯುವ ಫಿಲ್ಟರಿನ ಬ್ಯಾಕ್ಟೀರಿಯಾಗಳು ಹೆಚ್ಚಿದ ಕಸಕ್ಕೆ ತಕ್ಕಂತೆ ಬೆಳೆಯಲು ಸಮಯ ಬೇಕು. ಸೇರಿಸುವ ದಿನ ಬೇರುಗಳ ಜಾಗ ಬದಲಿಸಿ ದೀಪ ಆರಿಸಿದ್ದರಿಂದ, ತನ್ನ ಮೂಲೆಯನ್ನು ಕಾಯುತ್ತಿದ್ದ ಗಂಡು ಗೌರಾಮಿಯೂ ಹೊಸ ತೊಟ್ಟಿಗೆ ಬಂದಂತೆ ಗಡಿ ಮರೆತು ಸುಮ್ಮನಾಯಿತು.

ಈಗ ಮೇಲೆ, ನಡುವೆ, ತಳದಲ್ಲಿ ಮೂರೂ ಜಾತಿಗಳು ತಮ್ಮ ಪಾಡಿಗೆ ಇವೆ. ಗಂಡು ಗೌರಾಮಿ ಮೊಟ್ಟೆಗಳಿಗಾಗಿ ನೀರಿನ ಮೇಲೆ ನೊರೆಗೂಡು ಕಟ್ಟುವ ದಿನಗಳಲ್ಲಿ ಮಾತ್ರ ಹತ್ತಿರ ಬಂದವರನ್ನು ಅಟ್ಟುತ್ತದೆ, ತೇಲುವ ಸಸ್ಯಗಳನ್ನು ಒಂದು ಬದಿಗೆ ದಟ್ಟವಾಗಿ ಬಿಟ್ಟರೆ ಅಟ್ಟಾಟ ಆ ಬದಿಯಲ್ಲೇ ಮುಗಿಯುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ, ಕಸ ಒಡೆದು ಕೊನೆಗೆ ಉಳಿಯುವ ನೈಟ್ರೇಟ್ 20 ಪಿಪಿಎಂ ಒಳಗೇ ಉಳಿಯುತ್ತಿದೆ. ಈ ತೊಟ್ಟಿಗೆ ಇನ್ನೊಂದು ಜಾತಿಯನ್ನು ನಾನು ಸೇರಿಸುವುದಿಲ್ಲ.