ಬ್ಯಾಕ್ಟೀರಿಯಾಗಳ ನೆಂಟಸ್ತಿಕೆ ಪತ್ತೆ ಹಚ್ಚುವುದು ಹೇಗೆ?

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹಳಷ್ಟು ಬ್ಯಾಕ್ಟೀರಿಯಾಗಳು ಒಂದೋ ಕಡ್ಡಿ, ಇಲ್ಲವೇ ಗುಂಡು. ಮುಖ ನೋಡಿ ಯಾರಿಗೆ ಯಾರು ನೆಂಟರು ಅಂತ ಹೇಳುವುದು ಕಷ್ಟ. ಅದಕ್ಕೇ ಅವುಗಳ ಜೀನಿನ ಅಕ್ಷರಗಳನ್ನು (ಎ, ಟಿ, ಜಿ, ಸಿ ಅನ್ನುವ ಡಿಎನ್‌ಎಯ ನಾಲ್ಕು ಘಟಕಗಳು) ಓದಿ, ಅಕ್ಕಪಕ್ಕ ಇಟ್ಟು ಹೋಲಿಸುತ್ತಾರೆ.

ಮೊದಲು ಜೀನ್ ಆರಿಸಬೇಕು. ಅದು ಎಲ್ಲರಲ್ಲೂ ಇರಬೇಕು, ನಿಧಾನವಾಗಿ ಬದಲಾಗಬೇಕು. ಸಾಮಾನ್ಯ ಆಯ್ಕೆ 16ಎಸ್ ಆರ್‌ಆರ್‌ಎನ್‌ಎ ಜೀನ್. ಪ್ರೋಟೀನ್ ತಯಾರಿಸುವ ರೈಬೋಸೋಮಿನ ಒಂದು ಭಾಗವಾದ ಆರ್‌ಎನ್‌ಎ ಇದರಿಂದಲೇ ಬರುತ್ತದೆ, ಹಾಗಾಗಿ ಇದಿಲ್ಲದ ಬ್ಯಾಕ್ಟೀರಿಯಾ ಇಲ್ಲ. ಉದ್ದ ಸುಮಾರು 1500 ಅಕ್ಷರ. ಕೆಲವು ಭಾಗಗಳು ಹೆಚ್ಚುಕಮ್ಮಿ ಬದಲಾಗುವುದೇ ಇಲ್ಲ, ನಡುನಡುವೆ ಒಂಬತ್ತು ಭಾಗಗಳು ಬೇಗ ಬದಲಾಗುತ್ತವೆ. ಬದಲಾಗದ ಕಡೆ ಜೀನನ್ನು ಹಿಡಿಯುತ್ತೇವೆ, ಬದಲಾಗುವ ಕಡೆ ಗುರುತಿಸುತ್ತೇವೆ. 1977ರಲ್ಲಿ ವಿಜ್ಞಾನಿಗಳಾದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಈ ಆರ್‌ಎನ್‌ಎಯನ್ನೇ ಹೋಲಿಸಿ, ಆರ್ಕಿಯಾ ಅನ್ನುವ ಏಕಕೋಶ ಜೀವಿಗಳ ಗುಂಪು ಬ್ಯಾಕ್ಟೀರಿಯಾಗಳಿಂದ ಬೇರೆಯೇ ಆದ ವಂಶ ಎಂದು ತೋರಿಸಿದರು.

ಒಂದೇ ಕಾಲೊನಿಯಿಂದ (ಒಂದು ಕೋಶದಿಂದ ಬೆಳೆದ ಗುಂಪು) ಬೆಳೆಸಿದ ಬ್ಯಾಕ್ಟೀರಿಯಾದ ಡಿಎನ್‌ಎ ತೆಗೆದು, ಪಿಸಿಆರ್‌ನಲ್ಲಿ ಈ ಜೀನಿನ ಪ್ರತಿಗಳನ್ನು ಮಾಡಿ, ಎರಡೂ ತುದಿಗಳಿಂದ ಸೀಕ್ವೆನ್ಸಿಂಗ್ ಮಾಡಿಸಿ, ಅಂದರೆ ಯಂತ್ರದಲ್ಲಿ ಅಕ್ಷರಗಳನ್ನು ಓದಿಸಿ.

ಫಲಿತಾಂಶ ಬಂದ ಕೂಡಲೇ ಹೆಸರು ಹುಡುಕಲು ಓಡಬೇಡಿ. ಹೊಸಬರು ಎಡವುವುದು ಇಲ್ಲೇ. ಮೊದಲು ಬಣ್ಣಬಣ್ಣದ ಶಿಖರಗಳ ಗ್ರಾಫ್ ನೋಡಿ, ಒಂದೊಂದು ಶಿಖರ ಒಂದೊಂದು ಅಕ್ಷರ. ಶುರುವಿನಲ್ಲೂ ಕೊನೆಯಲ್ಲೂ ಶಿಖರಗಳು ಒಂದರ ಮೇಲೊಂದು ಬಿದ್ದು ಗಲೀಜಾಗಿರುತ್ತವೆ, ಅಷ್ಟನ್ನು ಕತ್ತರಿಸಿ. 'ಎನ್' ಅಂತ ಕಂಡರೆ ಯಂತ್ರಕ್ಕೂ ಆ ಅಕ್ಷರ ಗೊತ್ತಾಗಿಲ್ಲ ಅಂತ ಅರ್ಥ. ಉದ್ದಕ್ಕೂ ಜೋಡಿ ಶಿಖರಗಳಿದ್ದರೆ? ಎರಡು ಬ್ಯಾಕ್ಟೀರಿಯಾಗಳು ಬೆರೆತಿರುವ ಸಾಧ್ಯತೆ ಜಾಸ್ತಿ. ಮತ್ತೆ ಕಾಲೊನಿಯಿಂದ ಶುರು ಮಾಡಿ.

ಈಗ ಬ್ಲಾಸ್ಟ್, ಅಂದರೆ ನಿಮ್ಮ ಸಾಲನ್ನು ಈಗಾಗಲೇ ಸಂಗ್ರಹದಲ್ಲಿರುವ ಸಾಲುಗಳೊಂದಿಗೆ ಹೋಲಿಸಿ ಹತ್ತಿರದವುಗಳ ಪಟ್ಟಿ ಕೊಡುವ ಕಂಪ್ಯೂಟರ್ ಸಾಧನ. ಪಟ್ಟಿಯ ಮೊದಲ ಹೆಸರೇ ಉತ್ತರ ಅಂದುಕೊಳ್ಳಬೇಡಿ, ಅದನ್ನು ಸೇರಿಸಿದವರೇ ತಪ್ಪು ಹೆಸರು ಬರೆದಿರಬಹುದು. ಟೈಪ್ ಸ್ಟ್ರೇನ್, ಅಂದರೆ ಒಂದು ಪ್ರಭೇದಕ್ಕೆ ಹೆಸರಿಟ್ಟಾಗ ಮಾದರಿ ಅಂತ ಕಾಪಿಟ್ಟ ತಳಿ, ಅದರೊಂದಿಗೇ ಹೋಲಿಸಿ. ಎಷ್ಟು ಉದ್ದಕ್ಕೆ ಹೊಂದಿದೆ ಅನ್ನುವುದನ್ನೂ ನೋಡಿ. 300 ಅಕ್ಷರಗಳಲ್ಲಿ 99% ಬಂದರೆ ಅದನ್ನು ಅಷ್ಟಾಗಿ ನೆಚ್ಚಲಾಗದು, 1400ರಲ್ಲಿ ಬಂದರೆ ತೂಕವಿದೆ.

ಹೋಲಿಸುವ ಮೊದಲು ಸಾಲುಗಳನ್ನು ಸರಿಯಾಗಿ ಜೋಡಿಸಬೇಕು. ಈ ಎರಡನ್ನು ನೋಡಿ:

ಜಿ ಎ ಟಿ ಸಿ ಸಿ ಎ ಜಿ ಟಿ
ಜಿ ಎ ಸಿ ಸಿ ಎ ಜಿ ಟಿ

ಹೀಗೇ ಎಣಿಸಿದರೆ ಮೂರನೆಯ ಅಕ್ಷರದಿಂದ ಬಹುತೇಕ ಎಲ್ಲವೂ ತಪ್ಪು. ಕೆಳಗಿನ ಸಾಲಿನಲ್ಲಿ 'ಎ' ಆದ ಮೇಲೆ ಒಂದು ಜಾಗ ಖಾಲಿ ಬಿಡಿ. ಏಳೂ ಅಕ್ಷರಗಳು ಕೂಡಿಬರುತ್ತವೆ! ಕಳೆದುಹೋಗಿದ್ದು ಒಂದೇ ಒಂದು 'ಟಿ'.

ಆಮೇಲೆ ವಂಶವೃಕ್ಷ. ದೂರದ ನೆಂಟ ಅಂತ ಖಚಿತವಾಗಿ ಗೊತ್ತಿರುವ ಒಂದನ್ನು ಸೇರಿಸಿ, ಬೇರು ಎಲ್ಲಿದೆ ಅಂತ ತಿಳಿಯುವುದು ಅದರಿಂದ. ಕವಲುಗಳ ಮೇಲಿನ ಬೂಟ್‌ಸ್ಟ್ರ್ಯಾಪ್ ಅಂಕಿ (ಆ ಕವಲು ಎಷ್ಟು ಗಟ್ಟಿ ಅಂತ ಹೇಳುವ ಅಂಕಿ) ತೀರಾ ಕಡಿಮೆ ಇದ್ದರೆ ಆ ಕವಲನ್ನು ನಂಬಬೇಡಿ.

ಇನ್ನು 16ಎಸ್ ಹೋಲಿಕೆಗೆ 98.7% ಅನ್ನುವ ಗೆರೆ. 1400 ಅಕ್ಷರಗಳಲ್ಲಿ ಸುಮಾರು 18 ವ್ಯತ್ಯಾಸ ಅಂದುಕೊಳ್ಳಿ. ಹೋಲಿಕೆ ಅದಕ್ಕಿಂತ ಕಡಿಮೆಯಾದರೆ ಬೇರೆ ಪ್ರಭೇದ ಅನ್ನಬಹುದು. ಮೇಲಿದ್ದರೆ ಒಂದೇ ಪ್ರಭೇದ ಅನ್ನುವಂತಿಲ್ಲ. ಆಂಥ್ರಾಕ್ಸ್ ತರುವ ಬ್ಯಾಸಿಲಸ್ ಆಂಥ್ರಾಸಿಸ್, ಹೊಟ್ಟೆ ಕೆಡಿಸುವ ಬ್ಯಾಸಿಲಸ್ ಸೀರಿಯಸ್, ಕೀಟ ಕೊಲ್ಲುವ ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಈ ಮೂರರ 16ಎಸ್ ಹೆಚ್ಚುಕಮ್ಮಿ ಒಂದೇ. ಆಂಥ್ರಾಕ್ಸಿನ ವಿಷದ ಜೀನುಗಳು ಪ್ಲಾಸ್ಮಿಡ್‌ನಲ್ಲಿವೆ (ಮುಖ್ಯ ಡಿಎನ್‌ಎಯಿಂದ ಬೇರೆಯಾಗಿರುವ ಡಿಎನ್‌ಎ ಉಂಗುರ), 16ಎಸ್ ಓದಿದರೆ ಅವು ಕಾಣುವುದೇ ಇಲ್ಲ.

ಇಂಥ ಕಡೆ ಜಿವೈಆರ್‌ಬಿ, ಆರ್‌ಪಿಒಬಿ ಥರದ ಬೇಗ ಬದಲಾಗುವ ಜೀನುಗಳನ್ನು ಓದುತ್ತಾರೆ. ಸಾಧ್ಯವಾದರೆ ಇಡೀ ಜೀನೋಮ್, ಅಂದರೆ ಅದರ ಡಿಎನ್‌ಎ ಪೂರ್ತಿ. ಅಲ್ಲಿ ಸರಾಸರಿ ಹೋಲಿಕೆ 95–96%ಗಿಂತ ಜಾಸ್ತಿ ಇದ್ದರೆ ಒಂದೇ ಪ್ರಭೇದ ಅಂತ ಲೆಕ್ಕ. ಈ ಲೆಕ್ಕದಲ್ಲಿ ಆಮಶಂಕೆ ತರುವ ಶಿಗೆಲ್ಲಾ ಕೂಡ ಇ. ಕೋಲಿಯೇ. ಆದರೂ ವೈದ್ಯರಿಗೆ ಗೊಂದಲವಾಗಬಾರದು ಅಂತ ಹಳೆಯ ಹೆಸರನ್ನು ಹಾಗೇ ಬಿಟ್ಟಿದ್ದಾರೆ.